ನೇಗಿಲು ಬಂದದ್ದಕ್ಕೇ ಹೆಂಗಸರು ಮನೆ ಸೇರಿದರೇ?

ಪ್ರಶ್ನೆ: ಮನುಷ್ಯ ಬೇಟೆ ಬಿಟ್ಟು ಬೇಸಾಯಕ್ಕೆ ಇಳಿದಾಗ, ನೇಗಿಲು ಹಿಡಿಯುವಷ್ಟು ಶಕ್ತಿ ಇಲ್ಲದ ಕಾರಣ ಹೆಂಗಸರು ಹೊಲ ಬಿಟ್ಟು ಮನೆ ಸೇರಿದರು, ಅಲ್ಲಿಂದಲೇ ಅವರ ಸ್ಥಾನಮಾನ ಇಳಿಯಿತು ಎನ್ನುತ್ತಾರಲ್ಲ, ಇದು ನಿಜವೇ?

ಉತ್ತರ: ಇದಕ್ಕೆ ಉತ್ತರ ಬರೆದು ಬರೆದು ಸಾಕಾಗಿದೆ. ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸುಗಳಲ್ಲಿ, ವಾಟ್ಸಾಪ್ ಫಾರ್ವರ್ಡುಗಳಲ್ಲಿ ಇದೇ ಮಾತು ಇದೇ ಧಾಟಿಯಲ್ಲಿ ತಿರುಗುತ್ತಲೇ ಇದೆ. ಆದ್ದರಿಂದ ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಮೂರು ಮಾತುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಕೇಳಲಾಗಿದೆ, ಮೊದಲು ಅದನ್ನು ಬಿಚ್ಚಬೇಕು. ಬೇಸಾಯ ಬೇರೂರಿದ ಮೇಲೆ ಹೆಂಗಸರ ಒಡೆತನ, ಓಡಾಟ, ಮಾತಿನ ಬೆಲೆ ಬಹಳ ಕಡೆ ಕುಗ್ಗಿದ್ದು ನಿಜ. ಅವರು ಹೊಲ ಬಿಟ್ಟರು ಎಂಬುದು ಸುಳ್ಳು. ಶಕ್ತಿ ಸಾಲದೆ ಬಿಟ್ಟರು ಎಂಬುದಂತೂ ಎಷ್ಟು ಸಲ ಕಿತ್ತರೂ ಗರಿಕೆಯ ಹಾಗೆ ಮತ್ತೆ ಚಿಗುರುವ ಸುಳ್ಳು.

ಮೊದಲು ಕಾಲದ ಲೆಕ್ಕ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಶುರುವಾದದ್ದು ಸುಮಾರು 11,500 ವರ್ಷಗಳ ಹಿಂದೆ. ಎತ್ತು ಕಟ್ಟಿ ಉತ್ತ ನೆಲದ ಗಟ್ಟಿ ಪುರಾವೆಗಳು ಸಿಗುವುದು ಸುಮಾರು 6,000 ವರ್ಷಗಳಿಂದ ಈಚೆಗೆ. ನಡುವಿನ ಐದು ಸಾವಿರ ವರ್ಷ ಜನ ಅಗೆಯುವ ಕೋಲು, ಗುದ್ದಲಿಯಂಥ ಕೈ ಸಲಕರಣೆಗಳಲ್ಲೇ ಬೆಳೆ ತೆಗೆದರು. ಊರು ಕಟ್ಟಿದ್ದು, ಕಾಳು ಕೂಡಿಟ್ಟದ್ದು, ಕುರಿ ದನ ಸಾಕಿದ್ದು ಎಲ್ಲವೂ ನೇಗಿಲಿಲ್ಲದೆ ಆಗಿಹೋಗಿತ್ತು. ನಮ್ಮ ಉಪಖಂಡದಲ್ಲಿ ಉತ್ತ ಹೊಲವೇ ಹೊಲವಾಗಿ ಉಳಿದು ಸಿಕ್ಕ ಹೆಸರಾಂತ ಉದಾಹರಣೆ ರಾಜಸ್ಥಾನದ ಕಾಲಿಬಂಗನ್. ಪುರಾತತ್ವಜ್ಞರಾದ ಬಿ.ಬಿ. ಲಾಲ್ ಮತ್ತು ಬಿ.ಕೆ. ಥಾಪರ್ 1960ರ ದಶಕದಲ್ಲಿ ಅಗೆಸಿದಾಗ ಅಲ್ಲಿ ಒಂದು ದಿಕ್ಕಿಗೆ ಸುಮಾರು 30 ಸೆಂಟಿಮೀಟರ್ ಅಂತರದಲ್ಲಿ, ಅದಕ್ಕೆ ಅಡ್ಡಲಾಗಿ ಸುಮಾರು 190 ಸೆಂಟಿಮೀಟರ್ ಅಂತರದಲ್ಲಿ ಸಾಲುಗಳು ಕಂಡವು. ಒತ್ತು ಸಾಲಿಗೆ ಹುರುಳಿ, ಅಗಲ ಸಾಲಿಗೆ ಸಾಸಿವೆ ಹಾಕುವ ಪದ್ಧತಿ ಅಗೆಸಿದ ಕಾಲದಲ್ಲೂ ಆ ಸುತ್ತಿನ ರೈತರಲ್ಲಿ ಇತ್ತು. ಈ ಹೊಲದ ಕಾಲ ಸುಮಾರು ಕ್ರಿ.ಪೂ. 2800. ಬೇಸಾಯದ ಇತಿಹಾಸದಲ್ಲಿ ಇದು ನಿನ್ನೆ ಮೊನ್ನೆಯ ಮಾತು. ಹಾಗಾಗಿ ಬೇಸಾಯ ಎಂದ ಕೂಡಲೇ ನೇಗಿಲನ್ನು ಚಿತ್ರಿಸಿಕೊಳ್ಳುವುದೇ ಮೊದಲ ಎಡವಟ್ಟು.

ಇನ್ನು ಶಕ್ತಿಯ ಮಾತು. ಇದನ್ನು ಹೇಳುವವರಲ್ಲಿ ಹೆಚ್ಚಿನವರು ನೇಗಿಲು ಹಿಡಿದವರಲ್ಲ ಎನ್ನುವುದು ಹೇಳುವ ರೀತಿಯಲ್ಲೇ ಗೊತ್ತಾಗುತ್ತದೆ. ಮರದ ನೇಗಿಲನ್ನು ಎಳೆಯುವುದು ಎತ್ತು. ನೊಗದಿಂದ ಮಿಣಿ ಎಂಬ ಹಗ್ಗಕ್ಕೆ, ಮಿಣಿಯಿಂದ ಈಸು ಎಂಬ ಉದ್ದನೆಯ ಮರಕ್ಕೆ, ಈಸಿನಿಂದ ನೆಲ ಸೀಳುವ ಗುಳಕ್ಕೆ ಹೋಗುವ ಸೆಳೆತವೆಲ್ಲ ಅದರ ಹೆಗಲಿನದ್ದು. ಉಳುವವರ ಕೆಲಸ ಮೇಳಿಯನ್ನು, ಅಂದರೆ ನೇಗಿಲಿನ ಹಿಡಿಯನ್ನು, ಹದವಾಗಿ ಒತ್ತಿ ಹಿಡಿಯುವುದು, ಗುಳ ಮೇಲೆ ತೇಲದಂತೆ ಅಥವಾ ಒಳಗೆ ಹೂತು ಎತ್ತು ನಿಂತುಹೋಗದಂತೆ ಆಳ ಕಾಯುವುದು, ಸಾಲು ಓರೆಯಾಗದಂತೆ ನೋಡುವುದು, ತಿರುವಿನಲ್ಲಿ ನೇಗಿಲೆತ್ತಿ ಮತ್ತೆ ಊರುವುದು. ಹಗುರದ ನಾಡನೇಗಿಲು 10ರಿಂದ 15 ಕಿಲೋ ತೂಗುತ್ತದೆ. ಒಂದು ಕೊಡ ನೀರೂ ಅಷ್ಟೇ ತೂಗುತ್ತದೆ. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುವವಳಿಗೆ ನೇಗಿಲೆತ್ತುವ ಶಕ್ತಿ ಇಲ್ಲ ಎನ್ನುವುದಕ್ಕೆ ಒಂದು ಬಗೆಯ ಧೈರ್ಯವೇ ಬೇಕು.

ಉಳುವುದು ಸುಲಭ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಸಾಲಿನಿಂದ ಸಾಲಿಗೆ 20 ಸೆಂಟಿಮೀಟರ್ ಇಟ್ಟರೆ ಒಂದು ಸಲ ಉತ್ತು ಮುಗಿಸಲು ಎತ್ತಿನ ಹಿಂದೆ ಹೆಚ್ಚುಕಡಿಮೆ 20 ಕಿಲೋಮೀಟರ್ ನಡೆಯಬೇಕು, ಅದೂ ಹೆಂಟೆ ಎದ್ದ ನೆಲದಲ್ಲಿ. ಕಾಲು, ಸೊಂಟ, ತಾಳ್ಮೆ ಬೇಕಾದ ಕೆಲಸ ಇದು. ಈ ಮೂರರಲ್ಲಿ ಯಾವುದು ಹೆಂಗಸರಿಗೆ ಇಲ್ಲವಂತೆ?

ನಿಜವಾದ ಅಡ್ಡಿ ಮಡಿಲ ಮಗು. ಮಾನವಶಾಸ್ತ್ರಜ್ಞೆ ಜುಡಿತ್ ಬ್ರೌನ್ 1970ರಲ್ಲಿ ಬರೆದ ಪುಟ್ಟ ಲೇಖನದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಮೊಲೆಯೂಡಿಸುವ ಮಗುವಿರುವ ತಾಯಿಯ ಪಾಲಿಗೆ ಬರುವುದು ಮನೆಗೆ ಹತ್ತಿರದ, ನಡುವೆ ನಿಲ್ಲಿಸಿ ಮತ್ತೆ ಹಿಡಿಯಬಹುದಾದ, ಮಗುವಿಗೆ ಅಪಾಯವಿಲ್ಲದ ಕೆಲಸಗಳು. ಸಾಲಿನ ನಡುವೆ ಎತ್ತು ನಿಲ್ಲಿಸಿ ಹಾಲೂಡಿಸಲು ಆಗುವುದಿಲ್ಲ, ಗೊರಸಿನ ಬಳಿ ಕೂಸನ್ನು ಮಲಗಿಸಲೂ ಆಗುವುದಿಲ್ಲ. ಇಷ್ಟರ ಮಟ್ಟಿಗೆ ಒಪ್ಪಬೇಕಾದ ವಾದ. (ಒಲೆ, ಒನಕೆ, ಬಾವಿಕಟ್ಟೆ ಮಗುವಿಗೆ ಸುರಕ್ಷಿತ ಎಂದು ಯಾರು ತೀರ್ಮಾನಿಸಿದರೋ ಗೊತ್ತಿಲ್ಲ.) ಆದರೆ ಮದುವೆಯಾಗದ ಹುಡುಗಿ, ಮಕ್ಕಳು ಬೆಳೆದು ನಿಂತ ಐವತ್ತರ ಹೆಂಗಸು ಕೂಡ ನೇಗಿಲು ಹಿಡಿಯುವುದಿಲ್ಲವಲ್ಲ? ಅಲ್ಲಿ ಮಗುವಿನ ಕಾರಣವೂ ನಿಲ್ಲುವುದಿಲ್ಲ. ಅಲ್ಲಿರುವುದು ಕಟ್ಟಳೆ. ಭಾರತದ ಬಹಳ ಕಡೆ ಹೆಣ್ಣು ನೇಗಿಲು ಮುಟ್ಟಬಾರದು, ಮುಟ್ಟಿದರೆ ಮಳೆ ಹೋಗುತ್ತದೆ, ಊರಿಗೆ ಕೇಡು ಎಂಬ ನಂಬಿಕೆ ಇತ್ತು, ಕೆಲವೆಡೆ ಈಗಲೂ ಇದೆ. ಮೈಯಲ್ಲಿ ಆಗದ ಕೆಲಸಕ್ಕೆ ನಿಷೇಧ ಯಾಕೆ ಬೇಕು? ಆಗುತ್ತದೆ ಎಂದು ಗೊತ್ತಿದ್ದದ್ದಕ್ಕೇ ಬೇಲಿ ಹಾಕಿದ್ದು.

ಶಕ್ತಿಯ ವಾದವನ್ನು ಪೂರ್ತಿ ಮುಗಿಸಿದ್ದು ಮಾತ್ರ ಮೂಳೆಗಳು. ಸಿರಿಯಾದಲ್ಲಿ ಯೂಫ್ರಟೀಸ್ ನದಿಯ ದಂಡೆಯಲ್ಲಿ ಅಬು ಹುರೇರಾ ಎಂಬ, ಮೊದಲ ರೈತರ ಕಾಲದ ಹಳೆಯ ಊರಿತ್ತು. ಅಣೆಕಟ್ಟಿನ ನೀರಲ್ಲಿ ಮುಳುಗುವ ಮೊದಲು, 1972 ಮತ್ತು 73ರಲ್ಲಿ ಅವಸರವಾಗಿ ಅಗೆದು ತೆಗೆದ ಅಸ್ಥಿಗಳನ್ನು ಮೂಳೆತಜ್ಞೆ ಥೇಯಾ ಮೊಲೆಸನ್ ವರ್ಷಗಟ್ಟಲೆ ಪರೀಕ್ಷಿಸಿದರು. ಕಾಲಿನ ಹೆಬ್ಬೆರಳಿನ ಬುಡದ ಕೀಲು ಸವೆದು ಊದಿತ್ತು. ಮಂಡಿಯ ಕೀಲಿನ ಅಂಚಿನಲ್ಲಿ ಮೂಳೆ ಹೆಚ್ಚುವರಿಯಾಗಿ ಬೆಳೆದಿತ್ತು. ಬೆನ್ನೆಲುಬಿನ ಕೆಳಭಾಗ ಜಖಂ. ತೊಡೆಯ ಮೂಳೆ ಬಾಗಿತ್ತು. ತೋಳಿನಲ್ಲಿ ಸ್ನಾಯು ಅಂಟುವ ಗುರುತು ಎಡಕ್ಕೂ ಬಲಕ್ಕೂ ಒಂದೇ ಸಮ ದಪ್ಪ. ಒಂದೊಂದನ್ನೇ ನೋಡಿದರೆ ಏನೂ ಹೊಳೆಯುವುದಿಲ್ಲ. ಒಟ್ಟಿಗಿಟ್ಟರೆ ಒಂದು ಭಂಗಿ ಎದ್ದು ಕಾಣುತ್ತದೆ: ಮಂಡಿಯೂರಿ, ಕಾಲ್ಬೆರಳುಗಳನ್ನು ಮಡಚಿ ನೆಲಕ್ಕೊತ್ತಿ, ಎರಡೂ ಕೈಯಲ್ಲಿ ಕಲ್ಲು ಹಿಡಿದು ಇಡೀ ಮೈಯ ಭಾರ ಹಾಕಿ ಮುಂದಕ್ಕೆ ನೂಕುವುದು, ಹಿಂದಕ್ಕೆ ಎಳೆಯುವುದು. ಇದು ಅರೆಯುವ ಕಲ್ಲಿನ ಮುಂದಿನ ಮೈ. ಈ ಗುರುತುಗಳು ಹೆಚ್ಚಾಗಿ ಕಂಡದ್ದು ಹೆಂಗಸರ ಅಸ್ಥಿಗಳಲ್ಲಿ.

ಇನ್ನೊಂದು ಅಧ್ಯಯನ 2017ರದ್ದು. ಅಲಿಸನ್ ಮ್ಯಾಕಿಂತಾಷ್, ರಾನ್ ಪಿನ್ಹಾಸಿ, ಜೇ ಸ್ಟಾಕ್ ಈ ಮೂವರು ಮಧ್ಯ ಯೂರೋಪಿನ ಹಳೆಯ ರೈತ ಹೆಂಗಸರ ತೋಳಿನ ಮತ್ತು ಮೊಣಕಾಲ ಕೆಳಗಿನ ಮೂಳೆಗಳನ್ನು ಇಂದಿನ ಯುವತಿಯರ ಮೂಳೆಗಳ ಜೊತೆ ಹೋಲಿಸಿದರು. ಆ ಯುವತಿಯರಲ್ಲಿ ಕೇಂಬ್ರಿಜ್‌ನ ದೋಣಿ ಸ್ಪರ್ಧಿಗಳೂ ಇದ್ದರು. ದಿನಕ್ಕೆರಡು ಸಲ ತಾಲೀಮು, ವಾರಕ್ಕೆ ಸುಮಾರು 120 ಕಿಲೋಮೀಟರ್ ಹುಟ್ಟು ಹಾಕುವವರು. ಏಳು ಸಾವಿರ ವರ್ಷಗಳ ಹಿಂದಿನ ರೈತ ಹೆಂಗಸರ ತೋಳಿನ ಮೂಳೆ, ಮೈಯಳತೆಗೆ ಹೊಂದಿಸಿ ನೋಡಿದರೆ, ಈ ಸ್ಪರ್ಧಿಗಳಿಗಿಂತ ಶೇ. 11ರಿಂದ 16ರಷ್ಟು ಗಟ್ಟಿ. ಆಟೋಟ ಇಲ್ಲದ ವಿದ್ಯಾರ್ಥಿನಿಯರಿಗಿಂತ ಶೇ. 30ರ ಹತ್ತಿರ.

ಇದು ಅಷ್ಟು ದಿನ ಕಣ್ತಪ್ಪಿದ್ದು ಯಾಕೆ ಎಂಬುದೂ ಪಾಠವೇ. ಹೆಂಗಸರ ಮೂಳೆಗಳನ್ನು ಅದೇ ಕಾಲದ ಗಂಡಸರ ಮೂಳೆಗಳ ಪಕ್ಕ ಇಟ್ಟು ಅಳೆಯುವುದು ಅಲ್ಲಿಯವರೆಗಿನ ರೂಢಿ. ಶ್ರಮಕ್ಕೆ ಗಂಡಸರ ಮೂಳೆ ಎದ್ದು ಕಾಣುವಂತೆ ದಪ್ಪವಾಗುತ್ತದೆ, ಹೆಂಗಸರದ್ದು ಅಷ್ಟು ಆಗುವುದಿಲ್ಲ. ಹಾಗಾಗಿ ಹೆಂಗಸರು ಕಡಿಮೆ ದುಡಿದಿದ್ದಾರೆ ಎಂಬ ತೀರ್ಮಾನ ತಾನಾಗಿ ಬಂದುಬಿಡುತ್ತಿತ್ತು. ಹೆಣ್ಣಿನ ಮೂಳೆಯನ್ನು ಹೆಣ್ಣಿನ ಮೂಳೆಯ ಜೊತೆಗೇ ತೂಗಿದ ಮೇಲೆ ಲೆಕ್ಕ ತಲೆಕೆಳಗಾಯಿತು.

ಹಾಗಾದರೆ ಬೇಸಾಯ ಹೆಂಗಸರ ಬದುಕನ್ನು ಬದಲಿಸಿದ್ದು ಎಲ್ಲಿ? ನೇಗಿಲನ್ನು ಬಿಟ್ಟು ಅರೆಯುವ ಕಲ್ಲನ್ನು ನೋಡಿ.

ಗೆಡ್ಡೆ ಸುಟ್ಟರೆ ಊಟ, ಹಣ್ಣು ಕಿತ್ತರೆ ಊಟ. ಕಾಳು ಹಾಗಲ್ಲ. ಕೊಯ್ದದ್ದನ್ನು ಬಡಿಯಬೇಕು, ತೂರಬೇಕು, ಒರಳಿಗೆ ಹಾಕಿ ಕುಟ್ಟಬೇಕು, ಮೊರದಲ್ಲಿ ಕೇರಿ ಹೊಟ್ಟು ತೆಗೆಯಬೇಕು, ಉಳಿದ ಸಿಪ್ಪೆಗೆ ಮತ್ತೊಂದು ಸಲ ಕುಟ್ಟಬೇಕು. ಆಮೇಲೆ ಅರೆಯುವುದು. ಆ ಕಾಲದ ಕಲ್ಲು ನಾವು ಅಜ್ಜಿಮನೆಯಲ್ಲಿ ಕಂಡ, ಗೂಟ ಹಿಡಿದು ತಿರುಗಿಸುವ ಬೀಸುಕಲ್ಲಲ್ಲ. ಅದು ಬಂದದ್ದು ಎಷ್ಟೋ ಸಾವಿರ ವರ್ಷಗಳ ನಂತರ. ಇದು ತುಸು ಇಳಿಜಾರಾದ ಹಾಸುಗಲ್ಲು, ಮೇಲೊಂದು ಕೈಗಲ್ಲು. ನುಣ್ಣನೆಯ ಹಿಟ್ಟು ಬೇಕೆಂದರೆ ಗಂಟೆಗೆ ಒಂದು ಕಿಲೋ ದಾಟುವುದು ಕಷ್ಟ. ಐದಾರು ಜನರ ಮನೆಗೆ ದಿನಕ್ಕೆ ಎರಡು ಮೂರು ಕಿಲೋ ಹಿಟ್ಟು ಎಂದರೆ ನೀವೇ ಗುಣಿಸಿಕೊಳ್ಳಿ. ಇತ್ತೀಚಿನವರೆಗೂ ಇಂಥ ಕಲ್ಲು ಬಳಸುತ್ತಿದ್ದ ಸಮಾಜಗಳಲ್ಲಿ ದಿನಕ್ಕೆ ಐದು ಗಂಟೆವರೆಗೂ ಅರೆದ ದಾಖಲೆ ಇದೆ. ಹಿಟ್ಟು ಮುಗ್ಗುತ್ತದೆ, ಹುಳ ಬೀಳುತ್ತದೆ, ಆದ್ದರಿಂದ ವಾರಕ್ಕಾಗುವಷ್ಟನ್ನು ಒಂದೇ ದಿನ ಅರೆದಿಟ್ಟುಕೊಳ್ಳುವ ಹಾಗೂ ಇಲ್ಲ. ಉಳುಮೆ ವರ್ಷದಲ್ಲಿ ಕೆಲವು ವಾರದ ಕೆಲಸ. ಅರೆಯುವುದಕ್ಕೆ ಹಬ್ಬವಿಲ್ಲ, ಅಮಾವಾಸ್ಯೆಯಿಲ್ಲ.

ನಮ್ಮಲ್ಲೇ ನೋಡಬೇಕೆಂದರೆ ಬಳ್ಳಾರಿ ಪಕ್ಕದ ಸಂಗನಕಲ್ಲಿಗೆ ಹೋಗಿ. ಕ್ರಿ.ಪೂ. 3000ದಿಂದ 1200ರ ನಡುವಿನ ದಕ್ಷಿಣದ ನವಶಿಲಾಯುಗಕ್ಕೆ ಸೇರಿದ ಆ ಗುಡ್ಡಗಳ ಬಂಡೆಗಳಲ್ಲಿ ಅರೆದು ಅರೆದು ನುಣುಪಾದ ಗುಳಿಗಳಿವೆ. ಈ ಕಾಲದ ನೆಲೆಗಳಲ್ಲಿ ಸುಟ್ಟು ಕಪ್ಪಾಗಿ ಉಳಿದ ಕಾಳುಗಳನ್ನು ಹಳೆಯ ಕಾಲದ ಬೆಳೆಗಳ ತಜ್ಞ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಗುರುತಿಸಿದಾಗ ಮುಖ್ಯವಾಗಿ ಸಿಕ್ಕದ್ದು ಕೊರಲೆ ಎಂಬ ಕಿರುಧಾನ್ಯ, ಜೊತೆಗೆ ನವಣೆಯ ಜಾತಿಯ ಇನ್ನೊಂದು ಕಾಡುಕಾಳು, ಹುರುಳಿ, ಹೆಸರು. ಈ ಕೊರಲೆಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಎರಡನೆಯ ಬದಲಾವಣೆ ಹೆರಿಗೆಯ ಅಂತರ. ಕಲಹರಿಯ ಕುಂಗ್ ಜನರಂಥ ಅಲೆಮಾರಿ ಬೇಟೆಗಾರರಲ್ಲಿ ಎರಡು ಮಕ್ಕಳ ನಡುವೆ ಸುಮಾರು ನಾಲ್ಕು ವರ್ಷ ಇರುತ್ತಿತ್ತು. ಒಂದೆಡೆ ನೆಲೆ ನಿಂತ ರೈತರಲ್ಲಿ ಅದು ಎರಡೂವರೆ ಮೂರಕ್ಕೆ ಇಳಿಯುತ್ತದೆ. ಕಾರಣ ಸರಳ. ಹಗಲೂ ರಾತ್ರಿ ಅಡಿಗಡಿಗೆ ಮೊಲೆಯೂಡಿಸುತ್ತಿದ್ದರೆ ಮುಟ್ಟು ಮರಳುವುದು ತಡ. ಬೇಸಾಯ ಬಂದ ಮೇಲೆ ಎಳೆಗೂಸಿಗೆ ತಿನ್ನಿಸಲು ಗಂಜಿ, ಅಂಬಲಿ ಸಿಕ್ಕಿತು. ಹಾಲು ಬೇಗ ಬಿಡಿಸಿದರು. ಮುಟ್ಟು ಬೇಗ ಬಂತು. ಮಗುವನ್ನು ಹೊತ್ತು ಮೈಲಿಗಟ್ಟಲೆ ನಡೆಯುವ ಅಗತ್ಯವೂ ತಪ್ಪಿತು. ಹದಿನೆಂಟು ವರ್ಷದ ಹೆರುವ ಕಾಲದಲ್ಲಿ ನಾಲ್ಕು ವರ್ಷಕ್ಕೊಂದು ಎಂದರೆ ನಾಲ್ಕೈದು ಹೆರಿಗೆ, ಎರಡೂವರೆಗೊಂದು ಎಂದರೆ ಏಳು. ಆ ಗಂಜಿಗೆ ಬೇಕಾದ ಕಾಳನ್ನು ಅರೆಯುವವಳೂ ಅವಳೇ ಎಂಬುದನ್ನು ಮರೆಯಬೇಡಿ. ಹೆಚ್ಚು ಮಕ್ಕಳಿಗೆ ಹೆಚ್ಚು ಹಿಟ್ಟು, ಹೆಚ್ಚು ಹಿಟ್ಟಿದ್ದರೆ ಇನ್ನಷ್ಟು ಮಕ್ಕಳು.

ಇದನ್ನು ನಮ್ಮ ಕಾಲದಲ್ಲೇ ಅಳೆದಿದ್ದಾರೆ. ಫಿಲಿಪೀನ್ಸಿನ ಆಗ್ತಾ ಜನರಲ್ಲಿ ಕೆಲವು ಗುಂಪುಗಳು ಇನ್ನೂ ಬೇಟೆ, ಮೀನು, ಗೆಡ್ಡೆಗಳನ್ನೇ ನಂಬಿವೆ. ಕೆಲವು ಭತ್ತದ ಬೇಸಾಯಕ್ಕೆ ವಾಲುತ್ತಿವೆ. ಮಾರ್ಕ್ ಡೈಬಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೇಟೆಗಾರ ಗುಂಪಿನವರು ವಾರಕ್ಕೆ ಸುಮಾರು 20 ಗಂಟೆ ದುಡಿದರೆ, ಬೇಸಾಯಕ್ಕೆ ತಿರುಗಿದವರು ಸುಮಾರು 30 ಗಂಟೆ. ಬೇಸಾಯದ ಕಡೆ ಹೋದ ಊರುಗಳಲ್ಲಿ ಹೆಂಗಸರ ಬಿಡುವು ಅರ್ಧಕ್ಕೆ ಇಳಿದಿತ್ತು. ಮನೆ ಸೇರಿ ಸುಖವಾಗಿ ಕೂತದ್ದಂತೂ ಅಲ್ಲ.

ಮೂರನೆಯದು ತವರು ಬಿಡುವುದು. ಬಾಲ್ಯದಲ್ಲಿ ಹಲ್ಲು ಕಟ್ಟುವಾಗ ಆ ಊರಿನ ಮಣ್ಣು ನೀರಿನ ಸ್ಟ್ರಾಂಷಿಯಂ ಎಂಬ ಧಾತು ಹಲ್ಲಿನ ಎನಾಮಲ್ಲಿನಲ್ಲಿ ಸೇರಿಕೊಳ್ಳುತ್ತದೆ. ಸತ್ತ ಊರಿನ ಮಣ್ಣಿಗೆ ಅದು ಹೊಂದದಿದ್ದರೆ ಆ ವ್ಯಕ್ತಿ ಬೇರೆ ಕಡೆಯಿಂದ ಬಂದದ್ದು. ಯೂರೋಪಿನ ಮೊದಲ ರೈತರ 300ಕ್ಕೂ ಹೆಚ್ಚು ಅಸ್ಥಿಗಳನ್ನು ಹೀಗೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರಗಿನಿಂದ ಬಂದವರಲ್ಲಿ ಹೆಂಗಸರೇ ಹೆಚ್ಚು. ಕಲ್ಲಿನ ಬಾಚಿಯ ಜೊತೆ ಹೂತ ಗಂಡಸರು ಹೆಚ್ಚಾಗಿ ಒಳ್ಳೆಯ ಫಲವತ್ತು ಮಣ್ಣಿನಲ್ಲೇ ಹುಟ್ಟಿ ಬೆಳೆದವರು. ಅಂದರೆ ಆಗಲೇ ಒಳ್ಳೆಯ ನೆಲ ತಂದೆಯಿಂದ ಮಗನಿಗೆ, ಮಗಳು ಗಂಡನ ಮನೆಗೆ. ಒಬ್ಬಳೇ ಹೊಸ ಊರಿಗೆ ಬಂದವಳ ಹಿಂದೆ ನಿಂತು ಮಾತಾಡುವ ಅಣ್ಣತಮ್ಮಂದಿರು ಅಲ್ಲಿಲ್ಲ. ಸ್ಥಾನಮಾನ ಇಳಿದದ್ದಕ್ಕೆ ಬೇರು ಹುಡುಕುವವರು ಇಲ್ಲಿ ಅಗೆಯಬೇಕು.

ಎಲ್ಲ ಕಡೆ ಹೀಗೇ ಆಯಿತು ಎಂದುಕೊಳ್ಳಬೇಡಿ. ಟರ್ಕಿಯ ಚಾತಲ್‌ಹೊಯುಕ್‌ನಲ್ಲಿ, ಒಂಬತ್ತು ಸಾವಿರ ವರ್ಷಗಳ ಹಿಂದಿನ ದೊಡ್ಡ ರೈತ ಊರಿನಲ್ಲಿ, ಗಂಡಸರೂ ಹೆಂಗಸರೂ ಹೆಚ್ಚುಕಡಿಮೆ ಒಂದೇ ಊಟ ಉಂಡಿದ್ದಾರೆ. ಒಲೆ ಹೊಗೆಯ ಮಸಿ ಇಬ್ಬರ ಪಕ್ಕೆಲುಬಿನ ಒಳಗೂ ಕಂಡಿದೆ, ಅಂದರೆ ಮನೆಯೊಳಗೆ ಕಳೆದ ಹೊತ್ತಿನಲ್ಲೂ ದೊಡ್ಡ ಭೇದವಿರಲಿಲ್ಲ. ಅಲ್ಲಿ ಸಿಕ್ಕ ದಪ್ಪ ಹೆಂಗಸಿನ ಮಣ್ಣಿನ ಬೊಂಬೆಯನ್ನು ಹಿಡಿದು ‘ಹಿಂದೆ ಹೆಣ್ಣಾಳ್ವಿಕೆ ಇತ್ತು’ ಎಂದು ಕಥೆ ಕಟ್ಟುವವರಿದ್ದಾರೆ. ಒಂದು ಬೊಂಬೆಯ ಮೇಲೆ ಅಷ್ಟು ಭಾರ ಹೇರಬಾರದು. ಸಮಾನವಾಗಿ ಬದುಕಿದ್ದರು ಎನ್ನುವುದಕ್ಕೆ ಪುರಾವೆ ಇದೆ, ಅಷ್ಟು ಸಾಕು.

ಈಗ ನೇಗಿಲಿಗೂ ನ್ಯಾಯ ಸಲ್ಲಿಸಬೇಕು, ಇಲ್ಲದಿದ್ದರೆ ಅರ್ಥಶಾಸ್ತ್ರ ಓದಿದವರು ತಗಾದೆ ತೆಗೆಯುತ್ತಾರೆ. ಗುದ್ದಲಿ ಬೇಸಾಯದ ಆಫ್ರಿಕಾದಲ್ಲಿ ಹೊಲ ಹೆಂಗಸರದ್ದು, ನೇಗಿಲು ಬೇಸಾಯದ ಏಷ್ಯಾದಲ್ಲಿ ಗಂಡಸರದ್ದು ಎಂದು ಅರ್ಥಶಾಸ್ತ್ರಜ್ಞೆ ಎಸ್ತರ್ ಬೋಸರಪ್ 1970ರಲ್ಲೇ ಹೇಳಿದ್ದರು. ಹಿಂದೆ ನೇಗಿಲು ಬಳಸಿದ ಸಮುದಾಯಗಳ ಇಂದಿನ ಪೀಳಿಗೆಯಲ್ಲೂ ಹೆಂಗಸರು ಹೊರಗೆ ದುಡಿಯುವುದು ಕಡಿಮೆ ಎಂದು ಆಲೆಸಿನಾ, ಜುಲಿಯಾನೊ, ನನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ಅಂಕಿಅಂಶ ಹಾಕಿ ತೋರಿಸಿದರು. ಸರಿ, ಆದರೆ ಇದು ಸರಾಸರಿ. ಗೋಧಿ, ಬಾರ್ಲಿಯನ್ನು ನೇಗಿಲಿಗೆ ಒಗ್ಗುವ ಬೆಳೆ, ಜೋಳ, ನವಣೆ, ಸಜ್ಜೆಯನ್ನು ಅಷ್ಟಾಗಿ ಒಗ್ಗದ ಬೆಳೆ ಎಂದು ಅವರು ಭಾಗ ಮಾಡಿಕೊಂಡರು. ನಮ್ಮ ಎರೆಭೂಮಿಯ ಜೋಳದ ರೈತನಿಗೆ ಇದನ್ನು ಹೇಳಿ ನೋಡಿ! ಇಲ್ಲಿ ಜೋಳಕ್ಕೂ ನೇಗಿಲು, ಕುಂಟೆ, ಸಾಲಾಗಿ ಬಿತ್ತುವ ಕೂರಿಗೆಯೇ. ಆ ಕೂರಿಗೆಯ ಬಟ್ಟಲಿಗೆ ಎಲ್ಲ ಕೊಳವೆಗೂ ಸಮನಾಗಿ ಹರಿಯುವಂತೆ ಬೆರಳ ಸಂದಿಯಿಂದ ಕಾಳು ಬಿಡುವ ಕೈ ಬಹಳ ಕಡೆ ಹೆಂಗಸಿನದು. ಎತ್ತಿನ ನಡಿಗೆಗೆ ತಾಳ ತಪ್ಪಿದರೆ ಒಂದೆಡೆ ದಟ್ಟವಾಗಿ, ಒಂದೆಡೆ ಬೋಳಾಗಿ ಹುಟ್ಟುತ್ತದೆ, ಮತ್ತು ಅದು ಸುಗ್ಗಿಯವರೆಗೂ ಎಲ್ಲರ ಕಣ್ಣಿಗೆ ಬೀಳುತ್ತದೆ. ಭತ್ತದ ಕಡೆಗೆ ಬಂದರೆ, ಒಂದು ಜೊತೆ ಎತ್ತಿನಲ್ಲಿ ಒಬ್ಬ ದಿನಕ್ಕೆ ಮುಕ್ಕಾಲು ಎಕರೆ, ಒಂದೆಕರೆ ಉಳುತ್ತಾನೆ. ಅದೇ ಎಕರೆಯ ನಾಟಿಗೆ ಹತ್ತು ಹದಿನೈದು ಹೆಣ್ಣಾಳು ಬೇಕು, ಮತ್ತೆ ಕಳೆಗೆ, ಮತ್ತೆ ಕೊಯ್ಲಿಗೆ. ಹೊಲ ಬಿಟ್ಟವರು ಯಾರು?

ನೇಗಿಲೇ ಹಣೆಬರಹ ಎನ್ನುವವರಿಗೆ ತುಳುನಾಡು ದೊಡ್ಡ ತೊಡಕು. ಅಲ್ಲೂ ಕೋಣ ಕಟ್ಟಿ ಗದ್ದೆ ಉಳುವವರು ಗಂಡಸರೇ. ಆದರೂ ಬಂಟರು, ಬಿಲ್ಲವರು ಮೊದಲಾದ ಸಮುದಾಯಗಳಲ್ಲಿ ಆಸ್ತಿ ಹರಿದದ್ದು ತಾಯಿಯ ಸಂತತಿಯಲ್ಲಿ, ಅಳಿಯಸಂತಾನ ಕಟ್ಟಿನಂತೆ. ಕುಟುಂಬದ ಯಜಮಾನಿಕೆ ಹಿರಿಯ ಗಂಡಸಿಗೆ ಬರುವಂತೆ ಹಿರಿಯ ಹೆಂಗಸಿಗೂ ಬರಬಹುದಿತ್ತು. ಅದನ್ನು ಹೆಣ್ಣಾಳ್ವಿಕೆ ಎನ್ನಲಾಗದು, ಎಷ್ಟೋ ಮನೆಗಳಲ್ಲಿ ಮಾತು ನಡೆದದ್ದು ಸೋದರಮಾವನದ್ದೇ. ಆದರೆ ಉಳುವ ಸಲಕರಣೆ ಒಂದೇ ಆಗಿದ್ದರೂ ಹಕ್ಕು ಎರಡು ಬಗೆಯಾಗಬಹುದು ಎನ್ನಲು ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಹಾಗಾಗಿ ಕುಗ್ಗಿದ್ದು ದುಡಿಮೆಯಲ್ಲ, ದುಡಿಮೆಯ ಲೆಕ್ಕ ಮತ್ತು ನೆಲದ ಮೇಲಿನ ಹೆಸರು. ಲೆಕ್ಕದ ಕಥೆ ಕೇಳಿ. ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಮನೆಗೆಲಸ ಮಾತ್ರ ಮಾಡುವವರಿಗೆ 92 ಎಂಬ ಸಂಕೇತ. ಮನೆಗೆಲಸದ ಜೊತೆ ಸೌದೆ, ಸೊಪ್ಪು, ಮೇವು ತರುವವರಿಗೆ 93. ಎರಡೂ ದುಡಿಯುವವರ ಪಟ್ಟಿಯಿಂದ ಹೊರಗೆ. ಮನೆ ಬಳಕೆಗೆ ರಾಗಿ ಬೆಳೆದರೆ ಅದು ಆರ್ಥಿಕ ಚಟುವಟಿಕೆ. ಅದೇ ರಾಗಿಯನ್ನು ಮನೆ ಬಳಕೆಗೆ ಹಸನು ಮಾಡಿ ಬೀಸಿದರೆ ಅಲ್ಲ. ಹತ್ತು ಸಾವಿರ ವರ್ಷ ಮಂಡಿ ಸವೆಸಿದ ಕೆಲಸವೇ ಪಟ್ಟಿಯಲ್ಲಿಲ್ಲ! 2019ರ ಕಾಲಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ಬಂತು.

ಹೆಸರಿನ ಕಥೆಗೆ ಪಹಣಿ ಸಾಕು. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ರಲ್ಲಿ ಸಾಗುವಳಿಯ ವಿವರ. 2015–16ರ ಕೃಷಿ ಗಣತಿಯಂತೆ ದೇಶದಲ್ಲಿ ಹೆಂಗಸರ ಹೆಸರಿನಲ್ಲಿ ನಡೆಯುವ ಹಿಡುವಳಿಗಳು ನೂರಕ್ಕೆ ಸುಮಾರು 14. ಕಾನೂನು ಇಲ್ಲ ಎನ್ನುವಂತಿಲ್ಲ. ಮಗಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದಲೇ ಜಾರಿಗೆ ಬಂತು, ಆದರೆ ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ಎಡವುವುದು ಇಲ್ಲಿ: ಪೌತಿ ಖಾತೆ, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ, ಮಾಡಿಸುವಾಗ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಅರಿಶಿನ ಕುಂಕುಮದ ಹೆಸರಲ್ಲಿ ಒಂದಿಷ್ಟು ಕೊಟ್ಟು ಮುಗಿಸುವುದು. ಒಮ್ಮೆ ನೋಂದಣಿಯಾದ ಬಿಡುಗಡೆ ಪತ್ರವನ್ನು ಆಮೇಲೆ ಅಲುಗಾಡಿಸುವುದು ಬಲು ಕಷ್ಟ. ಓದಿ ಸಹಿ ಹಾಕಿ, ಅಥವಾ ಹಾಕಬೇಡಿ.

ಇನ್ನು ಕೊರಲೆ. ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಸಾಮೆ, ನವಣೆ, ಊದಲು, ಹಾರಕ, ಬರಗು, ಕೊರಲೆ ಯಾಕೆ ಮರೆಯಾದವು ಎಂದರೆ ಎಲ್ಲರೂ ರೇಷನ್ ಅಕ್ಕಿಯನ್ನು ದೂರುತ್ತಾರೆ. ಅದು ನಿಜ. ಆದರೆ ಅದೇ ರೇಷನ್ ಅಕ್ಕಿಯ ಎದುರು ರಾಗಿ ಹೇಗೆ ಉಳಿಯಿತು? ಕಾಳನ್ನು ಕೈಗೆತ್ತಿಕೊಂಡು ನೋಡಿ. ರಾಗಿ ತೆನೆ ಬಡಿದರೆ ಕಾಳು ಸಿಪ್ಪೆಯಿಂದ ಕಳಚಿಕೊಂಡೇ ಬರುತ್ತದೆ. ಹಸನು ಮಾಡಿ ನೇರ ಗಿರಣಿಗೆ ಹಾಕಬಹುದು. ಜೋಳ, ಸಜ್ಜೆಯೂ ಹಾಗೆಯೇ. ಸಾಮೆ, ಕೊರಲೆ ಹಾಗಲ್ಲ. ಕಾಳಿಗೆ ಗಟ್ಟಿ ಹೊಟ್ಟು ಅಂಟಿಕೊಂಡಿರುತ್ತದೆ. ಹಾರಕದ್ದಂತೂ ಪದರದ ಮೇಲೆ ಪದರ. ಅಕ್ಕಿ ಮಾಡಬೇಕೆಂದರೆ ಒಣಗಿಸಿ, ಕುಟ್ಟಿ, ಕೇರಿ, ಮತ್ತೆ ಕುಟ್ಟಬೇಕು. ಒಣಗಿದ್ದು ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ, ಹೆಚ್ಚಾದರೆ ನುಚ್ಚಾಗುತ್ತದೆ. ಒನಕೆ ಹಿಡಿಯುತ್ತಿದ್ದ ಕೈಗಳು ಒನಕೆಯನ್ನು ಕೆಳಗಿಟ್ಟ ದಿನ ಈ ಧಾನ್ಯಗಳ ಆಯಸ್ಸು ಮುಗಿಯತೊಡಗಿತು. ಊರಿನ ಹಿಟ್ಟಿನ ಗಿರಣಿ ರಾಗಿ ಬೀಸಿಕೊಟ್ಟಿತು, ಭತ್ತದ ಮಿಲ್ಲಿನವರು ಭತ್ತ ಕೊಟ್ಟವರಿಗೆ ಅಕ್ಕಿ ಮಾಡಿಕೊಟ್ಟರು, ಈ ಸಣ್ಣ ಕಾಳುಗಳಿಗೆ ಹೇಳಿಮಾಡಿಸಿದ ಯಂತ್ರ ಮಾತ್ರ ಬಹುಕಾಲ ಬರಲಿಲ್ಲ. ನನ್ನ ಪ್ರಕಾರ ರುಚಿಯೂ ಬದಲಾಗಲಿಲ್ಲ, ಮಳೆಯೂ ಬದಲಾಗಲಿಲ್ಲ. ಪುಕ್ಕಟೆಯಾಗಿ ಸಿಗುತ್ತಿದ್ದ ಹೆಂಗಸರ ಬೆಳಗಿನ ಎರಡು ಗಂಟೆ ನಿಂತುಹೋಯಿತು, ಅಷ್ಟೆ.

ಈಗ ತುಮಕೂರು, ಚಿತ್ರದುರ್ಗದ ಕಡೆ ಕೊರಲೆ ಮತ್ತೆ ಬಿತ್ತುತ್ತಿದ್ದಾರೆ, ಹೊಟ್ಟು ತೆಗೆಯುವ ಯಂತ್ರಗಳೂ ಬಂದಿವೆ. ಯಂತ್ರ ಹಾಕಿಸುವ ಸ್ವಸಹಾಯ ಸಂಘದವರು ಮೊದಲು ಗಮನಿಸಬೇಕಾದದ್ದು ಜರಡಿ. ಕಲ್ಲು ಮಣ್ಣು ತೆಗೆದು, ಕಾಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸದೆ ಯಂತ್ರಕ್ಕೆ ಸುರಿದರೆ ದಪ್ಪ ಕಾಳು ಒಡೆಯುತ್ತದೆ, ಸಣ್ಣ ಕಾಳು ಹೊಟ್ಟಿನ ಸಮೇತ ಹೊರಬರುತ್ತದೆ. ಆಮೇಲೆ ಅದನ್ನು ಮೊರದಲ್ಲಿ ಕೇರಲು ಕೂರುವುದು ಯಾರು ಎಂದು ಬೇರೆ ಹೇಳಬೇಕಿಲ್ಲ.